ಸಂಡಿಗೆಯ ಪಕ್ಕ ಬಿಸಿಲಿಗಿಟ್ಟ ಯಂತ್ರ

ಚೈತ್ರಾ, ನೀನು ಕೊಟ್ಟ ಯಂತ್ರವನ್ನು ನಾನು ಒಂದು ದಿನವೂ ಜೊತೆಗೆ ಒಯ್ಯಲಿಲ್ಲ. ವಾರವಿಡೀ ಅದು ನಮ್ಮ ತಾರಸಿಯ ಮೇಲೆ, ಸಬ್ಬಕ್ಕಿ ಸಂಡಿಗೆಯ ಪಕ್ಕದಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಾ ಕುಳಿತಿತ್ತು. ನಾನು ಬಸ್ಸಿನಲ್ಲಿದ್ದೆ.

ಹೇಳಿಯಾಯಿತು. ಕಾನ್ವೆಂಟಿನಲ್ಲಿ ಓದುವಾಗ ನನ್ನ ಕ್ರೈಸ್ತ ಗೆಳತಿಯರು ಪಾಪನಿವೇದನೆಗೆ ಸಾಲಾಗಿ ನಿಲ್ಲುವುದನ್ನು ಕಂಡು ನನಗೆ ಹೊಟ್ಟೆಕಿಚ್ಚು — ಒಳಗೆ ಹೋಗುವಾಗ ಮುಖ ಗಂಟಿಕ್ಕಿರುತ್ತಿತ್ತು, ಹೊರಬರುವಾಗ ಏನೋ ಹಗುರ. ನನ್ನ ಸರದಿ ಬರಲು ಇಷ್ಟು ವರ್ಷ ಹಿಡಿಯಿತು.

ನೀನು ಮೊದಲ ಸಲ ಜೋಗುಪಾಳ್ಯದ ನಮ್ಮ ಮನೆಗೆ ಬಂದಾಗ ನಿನ್ನ ದುಪಟ್ಟಾ ಗೇಟಿನ ಚಿಲಕಕ್ಕೆ ಸಿಕ್ಕಿಕೊಂಡಿತ್ತು. ನೀನಾಗ ಸಂಶೋಧನೆ ಮಾಡುತ್ತಿದ್ದೆ. ಜನ ದಿನವೂ ಎಲ್ಲಿಂದ ಎಲ್ಲಿಗೆ ಓಡಾಡುತ್ತಾರೆ ಎಂಬುದನ್ನು ಕಂಪ್ಯೂಟರಿನ ನಕ್ಷೆಯ ಮೇಲೆ ಗೆರೆಗಳಾಗಿ ಮೂಡಿಸುವ ಕೆಲಸ. ನಾನು ಬಾಯಿ ತಪ್ಪಿ ಹಲಸೂರು ದಾಟುವ ಬಸ್ಸುಗಳ ನಂಬರುಗಳನ್ನೆಲ್ಲ ಮಗ್ಗಿಯಂತೆ ಒಪ್ಪಿಸಿಬಿಟ್ಟೆ ನೋಡು — ನಿನ್ನ ಕಣ್ಣು ಅರಳಿತು. ನಮ್ಮ ಬೀದಿಗೆಂದು ನಿನ್ನ ಬಳಿ ಇದ್ದದ್ದು ಒಂದೇ ಜಿಪಿಎಸ್ ಯಂತ್ರ. ಅದನ್ನು ನನ್ನ ಕೈಗಿಟ್ಟೆ.

"ಗೃಹಿಣಿಯರು ಮಧ್ಯಾಹ್ನ ಎಲ್ಲೂ ಹೋಗಲ್ಲ, ಆಫೀಸ್ ಟೈಮಲ್ಲಿ ಬಸ್ ಇದ್ರೆ ಸಾಕು ಅಂತಾರೆ ಆಂಟಿ ನಮ್ ಸರ್. ಹಾಗಲ್ಲ ಅಂತ ನಕ್ಷೇಲಿ ತೋರಿಸ್ಬೇಕು ನಾನು. ಇಲ್ದಿದ್ರೆ ಆ ಅಧ್ಯಾಯಾನೇ ಬಿಡಬೇಕಾಗುತ್ತೆ. ಬ್ಯಾಗಿನ ತಳಕ್ಕೆ ಮಾತ್ರ ಹಾಕ್ಬೇಡಿ, ಅದಕ್ಕೆ ಆಕಾಶ ಕಾಣ್ತಿರ್ಬೇಕು."

ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ ನಮ್ಮ ಅತ್ತೆ ತಲೆಯೆತ್ತಿದರು. "ಆಕಾಶ ನೋಡಿ ಏನ್ಮಾಡುತ್ತಮ್ಮ, ಜಾತಕ ಬರೆಯುತ್ತಾ?"

"ಇಲ್ಲ ಅಜ್ಜಿ, ಆಂಟಿ ಯಾವ ಹೊತ್ತಲ್ಲಿ ಎಲ್ಲಿದ್ರು ಅಂತ ಬರ್ಕೊಳುತ್ತೆ."

"ಅಯ್ಯೋ, ಆ ಕೆಲಸಕ್ಕೆ ನಾನಿದೀನಲ್ಲ."

ನೀವಿಬ್ಬರೂ ನಕ್ಕಿರಿ. ನಾನು ಕಾಫಿ ತರುವ ನೆಪದಲ್ಲಿ ಒಳಗೆ ಎದ್ದುಹೋದೆ.

ಏಕೆಂದರೆ — ಇದನ್ನು ಬರೆಯುವಾಗ ಈಗಲೂ ನಗು ಬರುತ್ತದೆ — ಅತ್ತೆ ಊಟ ಮುಗಿಸಿ ಅಡ್ಡಾದಾಗ "ಟೈಲರ್ ಹತ್ರ ಹೋಗ್ಬರ್ತೀನಿ" ಎಂದು ಹೊರಟವಳು ನಾನು ಬಸ್ಸು ಹತ್ತುತ್ತಿದ್ದೆ. ಕೆ.ಆರ್. ಪುರಕ್ಕೆ. ಅಲ್ಲಿ ನನಗೆ ಯಾರೂ ಇರಲಿಲ್ಲ, ಏನೂ ಇರಲಿಲ್ಲ. ಬರಿದೇ ಹೋಗುವುದು, ಬರುವುದು. ಮುಂದಿನ ಹೆಂಗಸರ ಸೀಟು, ಕಿಟಕಿ, ಮಡಿಲಲ್ಲಿ ಒಂದು ಪೊಟ್ಟಣ ಕಡಲೆಕಾಯಿ. ಇಂದಿರಾನಗರದ ಕಾಂಪೌಂಡುಗಳ ಮೇಲಿಂದ ಬಾಗಿದ ಕಾಗದದ ಹೂವು. ಬೈಯಪ್ಪನಹಳ್ಳಿಯ ಹತ್ತಿರ ಒಮ್ಮೊಮ್ಮೆ ಗೂಡ್ಸ್ ರೈಲು ಕಾಣುತ್ತಿತ್ತು. ಡಬ್ಬಿಗಳನ್ನು ಎಣಿಸಲು ಹೋಗಿ ಪ್ರತಿಸಲವೂ ತಪ್ಪುತ್ತಿದ್ದೆ. ಕೊನೆಗೆ, ಆಗಿನ್ನೂ ಕಟ್ಟುತ್ತಿದ್ದ ತೂಗುಸೇತುವೆ. ಹೋದ ವಾರ ಇರದಿದ್ದ ಉಕ್ಕಿನ ಹಗ್ಗವೊಂದು ಈ ವಾರ ಬಿಗಿದು ನಿಂತಿರುತ್ತಿತ್ತು. ಅದನ್ನು ಕಂಡರೆ ನನ್ನದೇ ಮನೆ ಏಳುತ್ತಿರುವಂಥ ಸಂಭ್ರಮ. ಇಳಿದು, ಒಂದು ಲೋಟ ಕಬ್ಬಿನ ಹಾಲು ಕುಡಿದು, ಎದುರಿನ ಬಸ್ಸು ಹಿಡಿಯುತ್ತಿದ್ದೆ.

ತರಕಾರಿಗೆ ಹೋದೆ, ಮಗುವಿನ ಶಾಲೆಗೆ ಹೋದೆ ಎಂದರೆ ಯಾರೂ ಏನೂ ಕೇಳುವುದಿಲ್ಲ. ಸಂತೋಷಕ್ಕೆ ಹೋದೆ ಎಂದು ಹೇಗೆ ಹೇಳುವುದು? ಆ ಯಂತ್ರವೋ, ಕೇಳದೆಯೇ ಹೇಳಿಬಿಡುವಂಥದ್ದು. ಆಕಾಶ ಕಾಣಬೇಕು ಎಂದಿದ್ದೆಯಲ್ಲ — ತಾರಸಿಯ ಮೇಲಿಟ್ಟು ಕಾಣಿಸಿದೆ.

ವಾರ ಕಳೆದು ನೀನು ನಕ್ಷೆಯನ್ನು ಅಚ್ಚು ಹಾಕಿಸಿ ತಂದೆ. ನಮ್ಮ ಮನೆಯಿದ್ದ ಜಾಗದಲ್ಲಿ ಕೆಂಪು ಚುಕ್ಕಿಗಳ ಒಂದು ಗುಂಪು, ಬೆಲ್ಲಕ್ಕೆ ಮುತ್ತಿದ ಇರುವೆಗಳ ಹಾಗೆ. ಇಟ್ಟಲ್ಲೇ ಇದ್ದರೂ ಯಂತ್ರದ ಲೆಕ್ಕ ಅಷ್ಟಿಷ್ಟು ಆಚೀಚೆ ಆಗುತ್ತದಂತೆ. ಅದನ್ನು ನೀನು ನನ್ನ ಓಡಾಟವೆಂದುಕೊಂಡೆ. ಹಜಾರ, ಅಡುಗೆಮನೆ, ಬಟ್ಟೆ ಒಗೆಯುವ ಕಲ್ಲು.

"ನಿಜ ಹೇಳಿ ಆಂಟಿ, ನೀವು ಎಲ್ಲೂ ಹೋಗ್ಲೇ ಇಲ್ವಾ?"

ಅತ್ತೆ ಪಕ್ಕದಲ್ಲೇ ಇದ್ದರು. ನಾನು ಹೇಳಿದೆ — "ಮನೆ ಬಿಟ್ಟು ನಾನೆಲ್ಲಿಗೆ ಹೋಗ್ಲಮ್ಮ?"

ನೀನು ನಕ್ಷೆಯನ್ನು ಸುರುಳಿ ಸುತ್ತಿದ ರೀತಿ ನನಗೆ ಮರೆತಿಲ್ಲ. ನಿಧಾನವಾಗಿ, ಅಂಚಿಗೆ ಅಂಚು ಸರಿಹೊಂದಿಸಿ. ಪದವಿ ಸಿಕ್ಕಿದಾಗ ಮೈಸೂರುಪಾಕು ಹಿಡಿದು ಬಂದವಳು, "ಆ ಅಧ್ಯಾಯ ಬಿಟ್ಬಿಟ್ಟೆ ಆಂಟಿ, ಸರ್ ಹೇಳಿದ್ದೇ ಸರಿ ಇರ್ಬೇಕು" ಅಂದೆ. ನಾನು ಮೈಸೂರುಪಾಕು ತಿಂದೆ. ಚೆನ್ನಾಗಿದೆ ಅಂತಲೂ ಹೇಳಿದೆ.

ಮುಂದಿನ ಬೇಸಿಗೆಯಲ್ಲಿ ಮತ್ತೆ ಸಂಡಿಗೆ ಇಡುವಾಗ ಅತ್ತೆ ತಣ್ಣಗೆ ಕೇಳಿದರು. "ಈ ಸಲ ಆ ಡಬ್ಬಿ ಇಡಲ್ವಾ ವಿಮಲಾ?"

ನಾನು ಇನ್ನೊಂದು ಸೌಟು ಹಿಟ್ಟು ಹಾಕಿದೆ.

"ಕಾಗೆ ಎತ್ಕೊಂಡ್ಹೋದ್ರೆ ಆ ಹುಡುಗಿಗೆ ಏನ್ ಹೇಳೋದು ಅಂತ ನೀನು ಹೊರಟ ಮೇಲೆ ಕೋಲು ಹಿಡ್ಕೊಂಡು ದಿನಾ ನಾನೇ ಕಾದೆ. ವರ್ಷದಿಂದ ಟೈಲರ್ ಹತ್ರ ಹೋಗ್ತೀಯ, ಒಂದು ರವಿಕೆ ತಂದಿಲ್ಲ. ಎಲ್ಲಿಗೆ ಹೋಗ್ತೀಯೆ?"

ಹೇಳಿದೆ. ಹಗ್ಗದ ಸೇತುವೆಯ ತನಕ ಎಲ್ಲ ಹೇಳಿದೆ. ಅವರು ಕೈ ತೊಳೆದುಕೊಂಡು, "ನಾಳೆ ನಾನೂ ಬರ್ತೀನಿ," ಅಂದರು. ಮರುದಿನ ಬಸ್ಸು ಹತ್ತಿದ್ದೇ, "ನೀನು ಈಚೆ ಕೂತ್ಕೊ, ದಿನಾ ನೋಡಿದೀಯ," ಎಂದು ಕಿಟಕಿ ಕಿತ್ತುಕೊಂಡರು. ಅಂದಿನಿಂದ ನಾವಿಬ್ಬರೂ ಸೇರಿ ಸುತ್ತದ ಮಧ್ಯಾಹ್ನಗಳೇ ಕಡಿಮೆ.

ನೋಡು ಚೈತ್ರಾ, ಅತ್ತೆಯ ಭಯದಿಂದ ಸುಳ್ಳು ಹೇಳಿದೆ ಎನ್ನಲೂ ನನಗೆ ಬಾಯಿಲ್ಲ. ಆ ಭಯ ಹೋದ ಮೇಲೂ ನಿನಗೆ ಹೇಳಲಿಲ್ಲ. ಎಷ್ಟೋ ಸಲ ನಿನ್ನ ಫೋನು ಬಂದಾಗ ಹೇಳಬೇಕೆಂದುಕೊಂಡೆ, ಆಮೇಲೆ... ನಾನು ಸುಖವಾಗಿದ್ದೆ, ಅಷ್ಟೇ. ಆ ಸುಖ ನಿನ್ನ ಅಧ್ಯಾಯದಲ್ಲಿರಬೇಕಿತ್ತು. ನಮ್ಮ ಬೀದಿಯ ಹೆಂಗಸರೆಲ್ಲರ ಪರವಾಗಿ ನೀನು ನನ್ನ ಕೈಗೆ ಕೊಟ್ಟದ್ದನ್ನು ನಾನು ಸಂಡಿಗೆಗೆ ಕೊಟ್ಟೆ.

ಈಗ ಸಿ.ಎಂ.ಎಚ್. ರಸ್ತೆಯಲ್ಲಿ ಮೆಟ್ರೋ ಕಂಬಗಳು ಏಳುತ್ತಿವೆ, ನೀನೂ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೀಯ. ಊರಿನ ನಕ್ಷೆಯೊಂದನ್ನು ಕೊಂಡು ತಂದು, ಜೋಗುಪಾಳ್ಯದಿಂದ ತೂಗುಸೇತುವೆಯವರೆಗೆ ಕೆಂಪು ಗೆರೆ ಎಳೆದಿದ್ದೇನೆ. ಸೋಮವಾರ ಮಧ್ಯಾಹ್ನ ಅದನ್ನು ಹಿಡಿದು ನಿನ್ನ ತರಗತಿಗೇ ಬರುತ್ತೇನೆ. ಆ ಚುಕ್ಕಿಗಳು ನಾನಲ್ಲ ಎಂದು ನಿನ್ನ ವಿದ್ಯಾರ್ಥಿಗಳೆದುರು ಹೇಳುತ್ತೇನೆ. ನೀನು ಬೈದರೆ ಬೈಸಿಕೊಳ್ಳುತ್ತೇನೆ. ಆಮೇಲೂ ನಿನಗೆ ಮನಸ್ಸಿದ್ದರೆ ಒಂದು ಯಂತ್ರ ಕೊಡು; ಆಕಾಶ ಕಾಣುವ ಹಾಗೆ ಕಿಟಕಿಯ ಪಕ್ಕ ಹಿಡಿದು ಕೂರುತ್ತೇನೆ.

ಕಿಟಕಿಯನ್ನು ಅತ್ತೆ ಬಿಟ್ಟುಕೊಡುವುದಿಲ್ಲವಂತೆ. ಯಂತ್ರ ಅವರ ಕೈಯಲ್ಲೇ ಇರಲಿ. ಕಾದು ಅವರಿಗೆ ಅಭ್ಯಾಸವಿದೆ.