ಅಂಬುಜಾಳ ಎರಡು ಗಂಟೆ ಮೂವತ್ತೈದು ನಿಮಿಷ

ನನಗೆ ಮೂಗಿನ ತುದಿಯಲ್ಲೇ ಕೋಪ. ಈಗ ಮುಚ್ಚಿಹೋಗಿರುವ, ಮದರಾಸಿನ ಒಂದು ಸಣ್ಣ ಫ್ಲೈಯಿಂಗ್ ಕ್ಲಬ್ಬಿನಲ್ಲಿ ಹದಿನೆಂಟು ವರ್ಷ ವಿಮಾನ ಹಾರಿಸಲು ಕಲಿಸಿದೆ, ಅಷ್ಟೂ ವರ್ಷ ಬೈದೇ ಕಲಿಸಿದೆ. ಬೈದದ್ದಕ್ಕೆ ನನಗೇನೂ ಬೇಸರವಿಲ್ಲ. ಅಂಬುಜಾಳ ವಿಷಯ ಮಾತ್ರ ಬೇರೆ.

ತ್ರಿಪ್ಲಿಕೇನ್‌ನಲ್ಲಿ ಅವಳ ಮನೆ. ತಂದೆ ಪಂಢರಿನಾಥರಾಯರು ರೈಲ್ವೆ ಗುಮಾಸ್ತರು. ಒಂದು ವಿದ್ಯಾರ್ಥಿವೇತನ ಸಿಕ್ಕಿದ್ದರಿಂದಲೇ ಆ ಹುಡುಗಿ ನಮ್ಮಲ್ಲಿಗೆ ಬರಲು ಸಾಧ್ಯವಾಗಿತ್ತು. ಮೆಕ್ಯಾನಿಕ್ಕುಗಳ ಹತ್ತಿರ ತಮಿಳು, ನನ್ನ ಹತ್ತಿರ ಕನ್ನಡ. ನಕ್ಷೆಯ ಮೇಲೆ ಗೆರೆ ಎಳೆಯಲು ಕೂತರೆ ಅವಳಿಗೆ ಊಟದ ನೆನಪೂ ಇರುತ್ತಿರಲಿಲ್ಲ. ನಾನು ಎಲ್ಲರಿಗೂ ಒಂದೇ ಪಾಠ ಹೇಳುತ್ತಿದ್ದೆ: ಪ್ಲಾನಿನಲ್ಲಿ ಬರೆದ ಹೊತ್ತಿಗೆ ಇಳಿಯದವನು ಪೈಲಟ್ ಅಲ್ಲ, ಬರೀ ಪ್ಯಾಸೆಂಜರ್. ಹುಡುಗರು ಬೆನ್ನ ಹಿಂದೆ ನಗುತ್ತಿದ್ದರು. ಅವಳು ಬರೆದುಕೊಳ್ಳುತ್ತಿದ್ದಳು.

ಎಪ್ಪತ್ತೇಳರ ಮಾರ್ಚ್ ಕೊನೆಗೆ ಆ ವಿದ್ಯಾರ್ಥಿವೇತನದ ಅವಧಿ ಮುಗಿಯುವುದಿತ್ತು. ಅಷ್ಟರೊಳಗೆ ಪರವಾನಗಿಗೆ ಬೇಕಾದ ಗಂಟೆಗಳು ಲಾಗ್‌ಬುಕ್ಕಿನಲ್ಲಿ ತುಂಬಬೇಕು, ಇಲ್ಲದಿದ್ದರೆ ಅವಳ ಹಾರಾಟ ಅಲ್ಲಿಗೇ ನಿಂತಂತೆ. ಉಳಿದಿದ್ದದ್ದು ಒಂದೇ ಒಂದು ಕ್ರಾಸ್-ಕಂಟ್ರಿ, ಅಂದರೆ ಒಬ್ಬಳೇ ಬೇರೊಂದು ಜಾಗಕ್ಕೆ ಹಾರಿ, ಅಲ್ಲಿ ಇಳಿದು, ವಾಪಸಾಗುವುದು. ನಾವು ಕಳಿಸುತ್ತಿದ್ದದ್ದು ವಿಳುಪ್ಪುರದ ಆಚೆ ಯುದ್ಧಕಾಲದ ಒಂದು ಹಳೆಯ ರನ್‌ವೇ ಪಟ್ಟಿಗೆ. ಅಲ್ಲಿ ಆಫೀಸಿಲ್ಲ, ಫೋನಿಲ್ಲ, ಇರುವವನು ಒಬ್ಬ ವಾಚ್‌ಮನ್. ಇಳಿದದ್ದಕ್ಕೆ ಸಾಕ್ಷಿಯೆಂದರೆ ಚೀಟಿಯ ಮೇಲೆ ಅವನ ಹೆಬ್ಬೆಟ್ಟು.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಎಷ್ಟೋ ಹುಡುಗರು ಮಹಾಬಲಿಪುರದ ಮೇಲೆ ಸುತ್ತಾಡಿ ಬಂದು, ನಮ್ಮ ಕ್ಲಬ್ಬಿನ ಮಾಲಿಯ ಹೆಬ್ಬೆಟ್ಟು ಒತ್ತಿಸಿದ ಚೀಟಿ ತಂದಿದ್ದರು. ನನಗೆ ಗೊತ್ತಿತ್ತು. ಗೊತ್ತಿದ್ದೂ ಸಹಿ ಹಾಕಿದ್ದೆ. ಒಬ್ಬನಿಗೆ ಮಾವ ದೊಡ್ಡ ಅಧಿಕಾರಿ, ಇನ್ನೊಬ್ಬ ನಮ್ಮ ಕಾರ್ಯದರ್ಶಿಯ ಅಣ್ಣನ ಮಗ. ಆ ಫೆಬ್ರವರಿಯಲ್ಲಿ ವಿಮಾನಯಾನ ಇಲಾಖೆಯ ಇನ್‌ಸ್ಪೆಕ್ಟರ್ ಬಂದು, ನಿಮ್ಮ ಲಾಗ್‌ಬುಕ್ಕುಗಳಲ್ಲಿ ಕತೆಗಳೇ ಜಾಸ್ತಿ ಎಂದು ಎಲ್ಲರೆದುರು ನನ್ನ ಮುಖಕ್ಕೆ ಹೇಳಿ ಹೋಗಿದ್ದರು. ಮುಂದೆ ಸಿಕ್ಕವರ ಮೇಲೆ ಕಟ್ಟುನಿಟ್ಟು ತೋರಿಸಬೇಕೆಂದು ನಾನು ಹಲ್ಲು ಕಡಿಯುತ್ತಿದ್ದೆ. ಮುಂದೆ ಸಿಕ್ಕವಳು ಅಂಬುಜಾ.

ಮಾರ್ಚ್ ಇಪ್ಪತ್ತೊಂಬತ್ತರಂದು ಹೋಗಿ ಬಂದಳು. ಪ್ಲಾನಿನಲ್ಲಿ ಹೋಗಲು ಒಂದು ಗಂಟೆ ಇಪ್ಪತ್ತು ನಿಮಿಷ, ಬರಲು ಒಂದು ಗಂಟೆ ಹದಿನೈದು. ಲಾಗ್‌ಬುಕ್ಕಿನಲ್ಲೂ ಅಷ್ಟೇ, ಒಂದು ನಿಮಿಷ ಆಚೀಚೆ ಇಲ್ಲ. ಚೀಟಿಯ ಮೇಲೆ ಕಲಸಿಹೋದ ಹೆಬ್ಬೆಟ್ಟು. ಗಾಳಿ ಯಾರ ಪ್ಲಾನನ್ನೂ ಕೇಳುವುದಿಲ್ಲ, ಇದು ಗಡಿಯಾರ ನೋಡಿಕೊಂಡು ಸುತ್ತಿ ಬಂದ ಲೆಕ್ಕ ಎಂದು ನನ್ನ ತಲೆಗೆ ಹೊಕ್ಕಿತು.

"ಸಮುದ್ರದ ಮೇಲೆ ಸುತ್ತು ಹಾಕಿ ಬಂದು ನನ್ನ ಕಿವಿಗೆ ಹೂವು ಇಡ್ತೀಯಾ?" ಎಂದೆ.

ಅವಳ ಮುಖ ಬಿಳುಚಿತು. ಸಾರ್, ಇಳಿದೆ ಸಾರ್ ಎಂದು ಏನೋ ವಿವರಿಸಲು ಹೊರಟಳು. ನಾನು ಸಹಿ ಹಾಕದೆ ಲಾಗ್‌ಬುಕ್ಕು ಮುಚ್ಚಿ ಬಾಗಿಲು ತೋರಿಸಿದೆ. ಬಸ್ಸಿನಲ್ಲಿ ಹೋಗಿ ಆ ವಾಚ್‌ಮನ್‌ನನ್ನು ಕೇಳಿ ಬರಲು ಇನ್ನೂ ಎರಡು ದಿನ ಇತ್ತು. ಹೋಗಲಿಲ್ಲ. ಹಟ.

ಅವಧಿ ಮುಗಿಯಿತು. ಪಂಢರಿನಾಥರಾಯರು ಒಂದು ಸಲ ಬಂದು ಮಗಳ ಲಾಗ್‌ಬುಕ್ಕು ತೆಗೆದುಕೊಂಡು ಹೋದರು. ಜಗಳವಾಡಲಿಲ್ಲ, ನಮಸ್ಕಾರ ಹೇಳಿಯೇ ಹೋದರು.

ಎರಡು ವರ್ಷದ ಮೇಲೆ ಒಬ್ಬ ಹುಡುಗನ ಜೊತೆ ನಾನೇ ಆ ಪಟ್ಟಿಗೆ ಇಳಿದೆ. ಮುದುಕ ವಾಚ್‌ಮನ್ ನೀರು ತಂದುಕೊಟ್ಟು ವಿಚಾರಿಸಿದ: ಎರಡು ವರ್ಷದ ಹಿಂದೆ ಮಾರ್ಚಿನಲ್ಲಿ ಒಬ್ಬಳೇ ಬಂದ ಹುಡುಗಿ ಈಗ ದೊಡ್ಡ ವಿಮಾನ ಓಡಿಸುತ್ತಾಳೆಯೇ? ತನ್ನ ಆಯುಸ್ಸಿನಲ್ಲಿ ಅಲ್ಲಿಗೆ ಇಳಿದ ಹೆಣ್ಣೆಂದರೆ ಅವಳೊಬ್ಬಳೇ ಎಂದ. ಹೌದು, ಓಡಿಸುತ್ತಾಳೆ ಎಂದುಬಿಟ್ಟೆ. ಅವನಿಗೂ ಸುಳ್ಳು ಹೇಳಿದೆ. ಅವತ್ತೇ ಅವಳ ಮನೆಗೆ ಓಡಬೇಕಿತ್ತು. ನಾಚಿಕೆಗೆಟ್ಟವನು, ಐದು ವರ್ಷ ತಡಮಾಡಿದೆ.

ಎಂಬತ್ತನಾಲ್ಕರಲ್ಲಿ ಮೌಂಟ್ ರೋಡಿನ ಒಂದು ಇನ್ಶೂರೆನ್ಸ್ ಆಫೀಸಿನಲ್ಲಿ ಅವಳನ್ನು ಹುಡುಕಿಕೊಂಡು ಹೋದೆ. ಗುಮಾಸ್ತೆಯಾಗಿದ್ದಳು. ಎದ್ದು ನಿಂತು, ಕುರ್ಚಿ ಎಳೆದು ಕೊಟ್ಟು, ಕಾಫಿ ತರಿಸಿದಳು. ಮುದುಕನನ್ನು ನೋಡಿದ್ದು, ಮಾಲಿಯ ಹೆಬ್ಬೆಟ್ಟುಗಳಿಗೆ ಸಹಿ ಹಾಕಿದ್ದು, ಎಲ್ಲವನ್ನೂ ಹೇಳಿದೆ. ನನ್ನಿಂದ ತಪ್ಪಾಯಿತು ಎಂದೆ. ಆ ಮಾತು ಬಾಯಿಂದ ಹೊರಡಲು ಅಷ್ಟು ಕಷ್ಟವಾಗುತ್ತದೆಂದು ಗೊತ್ತಿರಲಿಲ್ಲ. ಅಷ್ಟು ಕರಾರುವಾಕ್ಕಾಗಿ ಹೇಗಮ್ಮ ಹಾರಿದೆ, ಅದೇ ನನ್ನನ್ನು ಕೆಡಿಸಿತು ಎಂದೂ ಸೇರಿಸಿದೆ.

ಅವಳು ಮುಂದಿದ್ದ ಫೈಲಿನ ದಾರ ಬಿಗಿಮಾಡಿದಳು.

"ಹೋಗುವಾಗ ತಾನಾಗೇ ಸರಿಹೋಯ್ತು ಸಾರ್," ಎಂದಳು. "ಬರುವಾಗ ನಾಲ್ಕು ನಿಮಿಷ ಮುಂಚೆನೇ ಬಂದುಬಿಟ್ಟಿದ್ದೆ. ನೀವು ಮೆಚ್ಕೋಬೇಕು ಅಂತ ನಮ್ಮ ರನ್‌ವೇ ಹತ್ತಿರದ ಪರಂಗಿಮಲೆ ಗುಡ್ಡದ ಮೇಲೆ ಸುತ್ತಿ ಸುತ್ತಿ, ಟೈಮ್ ಸರಿಮಾಡ್ಕೊಂಡು ಇಳಿದೆ."

ಊಟದ ಗಂಟೆ ಹೊಡೆದು ಸುತ್ತಲಿನ ಮೇಜುಗಳವರೆಲ್ಲ ಎದ್ದು ಹೋದರು. ನನಗೆ ಏಳಲು ಆಗಲಿಲ್ಲ.