ಸುಟ್ಟ ಮೂರು ಕಾಯಿಲ್

ನೂಲಿನ ಗಿರಣಿಯ ರಿಪೇರಿ ಕೋಣೆಯಲ್ಲಿ ಕಿಟಕಿಯ ಪಕ್ಕದ ಮೇಜು ಅವಳದು. ಪುಕ್ಕಟೆ ಬಂದದ್ದಲ್ಲ. ಹದಿನಾರು ವರ್ಷ ಪ್ಯಾಕಿಂಗಿನಲ್ಲಿ ನಿಂತು ಕಾಲು ಬಾತಿದ್ದವು. ಹೆಂಗಸರಿಗೂ ರಿಪೇರಿ ಕೆಲಸ ಕೊಡಿ ಎಂದು ಗೇಟಿನೆದುರು ನಲವತ್ತು ದಿನ ಕೂತಾಗ ಪೊಲೀಸರ ಲಾಠಿ ಬೆನ್ನಿಗೆ ಬಿದ್ದಿತ್ತು. ಆಮೇಲೆ ಸಿಕ್ಕಿದ್ದು ಈ ಮೇಜು. ಸಣ್ಣ ತಾಮ್ರದ ತಂತಿಯನ್ನು ಸುರುಳಿಯಾಗಿ, ಅಂದರೆ ಕಾಯಿಲಾಗಿ, ಸುತ್ತಿ ಸುತ್ತಿ ಹೆಬ್ಬೆರಳಿನಲ್ಲಿ ಗೀರು ಮೂಡಿತ್ತು. ಎಲ್ಲರ ಬಾಯಲ್ಲೂ ಅವಳು ಕಾಯಿಲಕ್ಕ. ಮನೆಯಲ್ಲಿ ಗಂಡನೂ ಒಮ್ಮೆ ಹಾಗೆ ಕರೆಯಲು ಹೋಗಿ ಬೈಸಿಕೊಂಡಿದ್ದ.

ಆ ವಾರ ಒಂದೇ ಯಂತ್ರದಲ್ಲಿ ಮೂರು ಕಾಯಿಲ್ ಸುಟ್ಟವು. ಮೂರೂ ಕಾಂಟ್ಯಾಕ್ಟರಿನವು, ಅಂದರೆ ಮೋಟರಿಗೆ ಕರೆಂಟು ಬಿಡುವ ದೊಡ್ಡ ಸ್ವಿಚ್ಚಿನವು. ಕಾಯಿಲಿಗೆ ಕರೆಂಟು ಬಂದೊಡನೆ ಕಬ್ಬಿಣದ ಎರಡು ದವಡೆಗಳು ಟಪ್ಪೆಂದು ಕಚ್ಚಿಕೊಳ್ಳಬೇಕು, ಆಗ ಮೋಟರು ತಿರುಗುತ್ತದೆ. ಸುಟ್ಟ ಮೂರನ್ನೂ ಸುತ್ತಿದವಳು ಅವಳೇ.

ಹೊಸ ಎಂಜಿನಿಯರ್ ಪಾಳಿ ಬದಲಾಗುವ ಹೊತ್ತಿಗೆ ಸರಿಯಾಗಿ, ಮೂವತ್ತು ಜನರ ಮುಂದೆ ಬಂದು ನಿಂತ.

"ಏನಮ್ಮ, ಸುತ್ತು ಕಮ್ಮಿ ಹಾಕ್ತಿದ್ದೀರಾ? ಮೀಟರ್ ನೋಡಿ. ಅರವತ್ತು ಓಂ ಇರಬೇಕಾದ ಕಡೆ ಮೂವತ್ತೈದು."

"ಸುಟ್ಟ ಮೇಲೆ ಒಳಗಡೆ ಸುತ್ತುಗಳು ಒಂದಕ್ಕೊಂದು ಅಂಟ್ಕೊಂಡಿರ್ತವೆ ಸಾರ್, ಕಮ್ಮಿ ತೋರ್ಸುತ್ತೆ. ಹೆಣದ ಕೈ ಹಿಡ್ಕೊಂಡು ಜ್ವರ ಎಷ್ಟು ಅಂತ ಕೇಳಿದಂಗಾಯ್ತು."

ಯಾರೋ ಕಿಸಕ್ಕೆಂದರು. ಎಂಜಿನಿಯರನ ಕಿವಿ ಕೆಂಪಾಯಿತು. "ಸೋಮವಾರದಿಂದ ಪ್ಯಾಕಿಂಗಿಗೆ ಹೋಗಿ. ಪತ್ರ ಟೈಪ್ ಮಾಡಿಸಿದ್ದೀನಿ, ನಾಳೆ ಕೊಡ್ತೀನಿ."

ಸಂಜೆ ಸುಟ್ಟ ಕಾಯಿಲೊಂದನ್ನು ಚೀಲದಲ್ಲಿ ಹಾಕಿಕೊಂಡು ಮನೆಗೆ ಬಂದಳು. ಅಡುಗೆಮನೆಯ ಹೊಸ್ತಿಲಲ್ಲಿ ಕೂತು, ಕರಿಹಿಡಿದ ವಾರ್ನಿಷನ್ನು ಚಾಕುವಿನಿಂದ ಎಬ್ಬಿಸುತ್ತ ತಂತಿ ಬಿಚ್ಚತೊಡಗಿದಳು. ಅದೇ ಗಿರಣಿಯಲ್ಲಿ ಫಿಟ್ಟರಾಗಿದ್ದು ನಿವೃತ್ತನಾದ ಗಂಡ ಎದುರಿಗೆ ಕೂತು ಎಣಿಸಿದ. ನಡುವೆ ಎರಡು ಸಲ ಲೆಕ್ಕ ತಪ್ಪಿ ಬೈಗುಳ ತಿಂದ. ಕೊನೆಗೆ ಸಾವಿರದ ಇನ್ನೂರು ಬಂತು. ಒಂದು ಸುತ್ತೂ ಕಮ್ಮಿಯಿರಲಿಲ್ಲ.

"ಹಂಗಾದ್ರೆ ಕರೆಂಟು ಜಾಸ್ತಿ ನುಗ್ಗಿದೆ," ಎಂದ. "ಒಳಗೆ ಬಿಟ್ಟೋರು ಯಾರು?"

"ಅದೇ ರೀ, ತಡೆಯೋನು ಎಲ್ಲಿ ಹೋದ ಅಂತ."

ತಂತಿಯ ಅರವತ್ತು ಓಂ ತಡೆಯೊಂದನ್ನೇ ನಂಬಿ ಕೂತರೆ, ಚಹಾ ಕುಡಿದು ಲೋಟ ಇಡುವಷ್ಟರಲ್ಲಿ ಯಾವ ಕಾಯಿಲೂ ಸುಟ್ಟು ಹೋಗಬೇಕು. ಸುಡದಂತೆ ಕಾಯುವುದು ಇನ್ನೊಂದು ತಡೆ. ಕರೆಂಟು ಸೆಕೆಂಡಿಗೆ ನೂರು ಸಲ ದಿಕ್ಕು ಬದಲಿಸುತ್ತದೆ. ಪ್ರತಿ ಸಲವೂ ಸುರುಳಿ ಮತ್ತು ಅದರೊಳಗಿನ ಕಬ್ಬಿಣ ಸೇರಿ ಆ ಬದಲಾವಣೆಗೆ ಅಡ್ಡ ನಿಲ್ಲುತ್ತವೆ. ಅದಕ್ಕೆ ರಿಯಾಕ್ಟೆನ್ಸ್ ಎನ್ನುತ್ತಾರೆ. ಮೀಟರಿನ ಒಳಗಿರುವುದು ಬ್ಯಾಟರಿ, ಅದರ ಕರೆಂಟು ಒಂದೇ ದಿಕ್ಕಿನದು. ಹಾಗಾಗಿ ಆ ತಡೆ ಮೀಟರಿನ ಕಣ್ಣಿಗೆ ಬೀಳುವುದೇ ಇಲ್ಲ. ಕಬ್ಬಿಣದ ದವಡೆ ಪೂರ್ತಿ ಕಚ್ಚಿಕೊಂಡಿದ್ದರೆ ಮಾತ್ರ ಅದಕ್ಕೆ ಪೂರಾ ಬಲ. ನಡುವೆ ಸಂದು ಬಿಟ್ಟರೆ?

ಅವಳು ಚಾಕು ಕೆಳಗಿಟ್ಟಳು.

ಮರುದಿನ ಬೆಳಿಗ್ಗೆ ಎಂಜಿನಿಯರ್ ಪತ್ರ ಹಿಡಿದು ಬಂದಾಗ ಮೇಜಿನ ಮೇಲೆ ಅರವತ್ತು ವ್ಯಾಟಿನ ಹಳೇ ಬಲ್ಬು, ಅದಕ್ಕೆ ಸಾಲಾಗಿ ಜೋಡಿಸಿದ, ಬಿಡಿ ಕಾಂಟ್ಯಾಕ್ಟರಿನಲ್ಲಿ ಕೂರಿಸಿದ ಹೊಸ ಕಾಯಿಲು ಕಾದಿದ್ದವು. ಪಾಳಿಯವರೂ ಸುತ್ತ ನೆರೆದಿದ್ದರು.

"ಅಳೀರಿ ಸಾರ್."

ಅಳೆದ. ದವಡೆ ತೆರೆದಾಗ ಅರವತ್ತು ಓಂ, ಮುಚ್ಚಿದಾಗಲೂ ಅರವತ್ತೇ. ಅವಳು ಮೀಟರು ತೆಗೆಸಿ ಸ್ವಿಚ್ಚು ಹಾಕಿದಳು. ಬಲ್ಬು ಝಗ್ಗನೆ ಉರಿಯಿತು. ಬಲ್ಬು ಅಡ್ಡವಿದ್ದುದರಿಂದ ಕಾಯಿಲಿಗೆ ದವಡೆ ಎಳೆಯುವಷ್ಟು ಬಲ ಸಿಗದೆ ಅದು ತೆರೆದೇ ಇತ್ತು. ಮರದ ತುಂಡಿನಿಂದ ದವಡೆಯನ್ನು ಒತ್ತಿ ಮುಚ್ಚಿದಳು. ಬಲ್ಬು ಮಂಕಾಗಿ ಕೆಂಪು ಗೆರೆಯಷ್ಟೇ ಉಳಿಯಿತು. ಬಿಟ್ಟಳು, ಮತ್ತೆ ಝಗ್ಗೆಂದಿತು.

"ಇಂಪೀಡೆನ್ಸ್," ಎಂದು ಎಂಜಿನಿಯರ್ ತನ್ನಷ್ಟಕ್ಕೆ ಗೊಣಗಿದ.

"ಹಂಗಂದ್ರೇನು ಅಕ್ಕ?" ಕಸ ಗುಡಿಸುವವಳು ಕೇಳಿದಳು.

"ಎರಡು ತಡೆನೂ ಸೇರಿ ಒಟ್ಟು ಎಷ್ಟು ತಡೀತು ಅಂತ. ಆದ್ರೆ ಸುಮ್ನೆ ಕೂಡೋದಲ್ಲ. ಇಲ್ಲಿಂದ ನೇರಕ್ಕೆ ಮೂರು ಹೆಜ್ಜೆ ಇಡು, ಆಮೇಲೆ ಪಕ್ಕಕ್ಕೆ ತಿರುಗಿ ನಾಲ್ಕು ಹೆಜ್ಜೆ. ನಡೆದದ್ದು ಏಳು. ನನ್ನ ಮೇಜಿಂದ ನೀನಿರೋ ದೂರ ಮಾತ್ರ ಐದೇ. ಆ ಐದು ಇದ್ಯಲ್ಲ, ಅದು. ತಂತಿದೊಂದು ದಾರಿ, ಕಬ್ಬಿಣದ್ದು ಅಡ್ಡದಾರಿ."

"ಅಡ್ಡದಾರಿಯೋರು ಇಲ್ಲಿ ಬಹಳ ಜನ ಇದ್ದಾರೆ ಬಿಡು," ಎಂದಳು ಗುಡಿಸುವವಳು.

ಕಾಯಿಲಕ್ಕ ನಗಲಿಲ್ಲ. ಸ್ವಿಚ್ಚು ಆರಿಸಿ, ಎಂಜಿನಿಯರನನ್ನು ಕಾಯಿಲ್ ಸುಟ್ಟ ಯಂತ್ರದ ಪ್ಯಾನೆಲ್ಲಿಗೆ, ಅಂದರೆ ಸ್ವಿಚ್ಚುಗಳ ಪೆಟ್ಟಿಗೆಯ ಬಳಿಗೆ, ಕರೆದೊಯ್ದಳು. ಪಾಳಿಯವರೂ ಗುಡಿಸುವವಳೂ ಹಿಂದೆಯೇ ಬಂದರು. ಮೇನ್ ಸ್ವಿಚ್ಚು ಇಳಿಸಿ, ಕಾಂಟ್ಯಾಕ್ಟರಿನ ದವಡೆಗೆ ಸ್ಕ್ರೂಡ್ರೈವರ್ ತೂರಿಸಿ ಮೀಟಿದಳು. ಎಣ್ಣೆ ಕುಡಿದು ಗಟ್ಟಿಯಾದ ಹತ್ತಿಯ ಧೂಳು ಉಗುರಿನಷ್ಟು ದಪ್ಪಕ್ಕೆ ಎದ್ದು ಬಂತು.

"ಬಾಯಲ್ಲಿ ಇದನ್ನ ತುರುಕ್ಕೊಂಡು ಹೆಂಗೆ ಕಚ್ಚುತ್ತೆ ಸಾರ್? ವಾರ ವಾರ ಈ ಗುಡಿಸೋಳು ಪ್ಯಾನೆಲ್ಲಿಗೆ ಗಾಳಿ ಹೊಡೀತಿದ್ಲು. ದಂಡದ ಕೆಲಸ ಅಂತ ನಿಲ್ಲಿಸಿದ್ದು ಯಾರು?"

ಗುಡಿಸುವವಳು ನೆಲ ನೋಡಿದಳು. ನಿಲ್ಲಿಸಿದವನು ಪತ್ರವನ್ನು ಮಡಿಸಿ ಜೇಬಿಗಿಟ್ಟುಕೊಳ್ಳಲು ಹೋದ.

"ಪತ್ರ?" ಕೈ ಚಾಚಿದಳು.

"ಬೇಡ, ಬಿಡಿ."

"ಅದನ್ನೇ ಎಲ್ಲರಿಗೂ ಕೇಳೋ ಹಂಗೆ ಹೇಳಿ. ನಿನ್ನೆ ಅಂದಿದ್ದು ಹಂಗೇ ತಾನೆ?"

ಹುಡುಗ ಕೆಟ್ಟವನೇನಲ್ಲ, ತಲೆ ತಗ್ಗಿಸುವುದನ್ನು ಯಾವ ಕಾಲೇಜೂ ಅವನಿಗೆ ಕಲಿಸಿರಲಿಲ್ಲ, ಅಷ್ಟೇ. ಗಂಟಲು ಸರಿಮಾಡಿಕೊಂಡು, "ಕಾಯಿಲ್ ಸರಿಯಾಗೇ ಇದ್ದವು. ತಪ್ಪು ನಂದು. ಇವತ್ತಿಂದಲೇ ಗಾಳಿ ಹೊಡೀರಿ," ಎಂದ. ಹಿಂದಿನ ಸಾಲಿಗೆ ಕೇಳಿಸಲಿಲ್ಲವೆಂದು ಯಾರೋ ಕೂಗಿದರು. ಎರಡನೇ ಸಲ ಹೇಳಬೇಕಾಯಿತು.

ಗುಡಿಸುವವಳು ಗಾಳಿಯ ಪೈಪು ಎಳೆದು ತಂದಳು. ಕಾಯಿಲಕ್ಕ ನಾಲ್ಕನೇ ಕಾಯಿಲ್ ಕೂರಿಸಿ ಮೇನ್ ಎತ್ತಿ ಬಟನ್ ಒತ್ತಿದಳು. ಟಪ್ಪೆಂದು ಕಚ್ಚಿಕೊಂಡಿತು. ಅರ್ಧ ಗಂಟೆ ಅಲ್ಲೇ ನಿಂತು, ಕರೆಂಟು ತೆಗೆದು, ಕಾಯಿಲ್ ಮುಟ್ಟಿ ನೋಡಿದಳು. ಬೆಚ್ಚಗಿತ್ತು, ಅಷ್ಟೇ. ಮತ್ತೆ ಯಂತ್ರ ಚಾಲೂ ಮಾಡಿ ತನ್ನ ಮೇಜಿಗೆ ಹೋಗಿ ಕೂತಳು.