ಗಾಜಿನ ಕೊಳವೆಯಲ್ಲಿ ಕುಣಿದ ನೀರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಶಿರಸಿ ಪೇಟೆಯಂಚಿನ ಅಕ್ಕಿ ಗಿರಣಿಯಲ್ಲಿ ಸುಭಾನ್ ಒಲೆಯ ಬಾಯಿಗೆ ಭತ್ತದ ಹೊಟ್ಟು ಸುರಿಯುತ್ತಾರೆ. ಕೈ ಒಲೆಯ ಕಡೆಗಿದ್ದರೂ ಕಣ್ಣು ಮಾತ್ರ ಬಾಯ್ಲರಿನ ಮೈಗೆ ಕೂರಿಸಿದ ಗೇಣುದ್ದದ ಗಾಜಿನ ಕೊಳವೆಯ ಮೇಲೆ. ಒಳಗೆ ಎಷ್ಟು ನೀರಿದೆಯೆಂದು ತೋರಿಸುವುದು ಅದೊಂದೇ. ತೀರ ಕೆಳಗಿಳಿದರೆ ಬಾಯ್ಲರ್ ಸಿಡಿಯುವ ಭಯ. ತೀರ ಮೇಲೇರಿದರೆ ಆವಿಯ ಜೊತೆ ನೀರೂ ನುಗ್ಗಿ ಎಂಜಿನ್ ಮುರಿಯುವ ಭಯ.

"ಅರ್ಧಕ್ಕೆ ನಿಂತದೆ ಅಂದ್ರೆ ನಂಗೆ ಚಹಾ ರುಚಿ ಹತ್ತೂದು," ಎಂದು ನಗುತ್ತಾರೆ.

ಆರು ವರ್ಷದ ಹಿಂದೆ, ೧೯೩೧ರಲ್ಲಿ, ಈ ಬಾಯ್ಲರನ್ನು ಹಾವೇರಿಯಿಂದ ಚಕ್ಕಡಿಯಲ್ಲಿ ಹೇರಿಕೊಂಡು ಬಂದವರೇ ಅವರು. ಆಗ ಬಾಡಿಗೆ ಗಾಡಿ ಹೊಡೆಯುವುದು ಅವರ ಕಸುಬು. ಮಿಸ್ತ್ರಿ ಅದನ್ನು ಕೂರಿಸಿ ಮೊದಲ ಸಲ ಸಿಳ್ಳೆ ಊದಿಸಿದಾಗ ಎತ್ತುಗಳು ಬೆದರಿ ಹಗ್ಗ ಹರಿದುಕೊಂಡು ಓಡಿದವು. "ನಾನು ಎತ್ತಿನ ಹಿಂದೆ ಓಡ್ಬೇಕಿತ್ತು. ಮಿಸ್ತ್ರಿ ಹಿಂದೆ ಹೋದೆ. ಅಲ್ಲಿಗೆ ಗಾಡಿ ಕೆಲಸ ಮುಗೀತು."

ಹೋದ ಬೇಸಿಗೆಯಲ್ಲಿ ಮಾತ್ರ ಅವರಿಗೆ ಚಹಾ ರುಚಿಸಲಿಲ್ಲ. ಕೊಳವೆಯಲ್ಲಿ ನೀರು ಒಮ್ಮೆ ಮೇಲಕ್ಕೆ ಹಾರುವುದು, ಮರುಕ್ಷಣ ದಬಕ್ಕನೆ ಇಳಿಯುವುದು. ಎಂಜಿನ್ ಬಡಿದುಕೊಳ್ಳುವುದು. ಬೆಂಕಿ ಹೊರಗೆಳೆದು ಗಿರಣಿ ನಿಲ್ಲಿಸಬೇಕಾಗುತ್ತಿತ್ತು. ಗಿರಣಿ ನಿಂತರೆ ಅಕ್ಕಿ ಕೇರುವ ಹೆಂಗಸರು ಕೆಲಸವಿಲ್ಲದೆ ಮನೆಗೆ ಹೋಗಬೇಕು. ಗಿರಣಿಯ ಒಡೆಯ ಕಮಲಾಕರ ಹೆಗಡೆಯವರಿಗೂ ಸಾಕಾಗಿತ್ತು. "ಎಂತ ಮಾಡೂದೋ ಸುಭಾನ? ಹಿಂಗೇ ಆದ್ರೆ ಇದನ್ನ ಗುಜರಿಗೆ ಹಾಕಿ ಆಯಿಲ್ ಎಂಜಿನ್ ತರೂದೇ ಸೈ," ಎಂದುಬಿಟ್ಟರು. ಆ ದಿನ ಸುಭಾನ್ ಬುತ್ತಿ ಬಿಚ್ಚಲಿಲ್ಲ.

ಕೊಳವೆಯ ನಲ್ಲಿ ತೆರೆದು ಆವಿ ಊದಿಸಿ ನೋಡಿದರು, ಕಸ ಕಟ್ಟಿರಲಿಲ್ಲ. ಬಾಯ್ಲರಿಗೆ ನೀರು ತಳ್ಳುವ ಪಂಪು ಬಿಚ್ಚಿ ತೊಗಲಿನ ವಾಷರ್ ಬದಲಿಸಿದರು, ಕುಣಿತ ನಿಲ್ಲಲಿಲ್ಲ. ಕಡೆಗೆ ಬಾಯ್ಲರನ್ನು ಪೂರ್ತಿ ಆರಿಸಿ, ನೀರೆಲ್ಲ ಬಸಿದು, ಗಿರಣಿಯ ಬಾವಿಯಿಂದ ಸೇದಿ ತುಂಬಿಸಿದರು. ನೀರು ತೆಪ್ಪಗೆ ನಿಂತಿತು. ಎಂದಿನಂತೆ ಹೊರಗಿನ ತೊಟ್ಟಿಯ ಕಾಲುವೆ ನೀರನ್ನು ಪಂಪು ಒಳಗೆ ತಳ್ಳಿದ್ದೇ ತಡ, ಮತ್ತೆ ಶುರು.

"ಬಾಯ್ಲರ್ ಸಾಚಾ ಅದೆ, ತಂಟೆ ನೀರಿಂದು," ಎಂದುಕೊಂಡರು.

ಅಕ್ಕಿ ಕೇರುವ ಪಾರ್ವತವ್ವ ಅಷ್ಟರಲ್ಲಿ ತೊಟ್ಟಿಗೆ ಕೈಯದ್ದಿ ಮೂಸಿ ನೋಡಿದರು. "ಸುಭಾನಣ್ಣ, ನೀರು ಕೈಯಾಗ ಜಾರತೈತ್ರಿ. ಅಂಟುವಾಳದ ವಾಸನಿ ಬರಾಕತ್ತೈತಿ."

ಸುಭಾನ್ ಚೊಂಬಿನಲ್ಲಿ ನೀರು ಹಿಡಿದು ಜೋರಾಗಿ ಅಲುಗಿಸಿದರು. ನೊರೆ ಬಾಯಿಯವರೆಗೆ ಉಕ್ಕಿತು. ಬಾಯ್ಲರಿನ ಹೊಟ್ಟೆಯಲ್ಲೂ ಆಗುತ್ತಿದ್ದದ್ದು ಇದೇ!

ತೊಟ್ಟಿಗೆ ನೀರು ತರುವ ಕಾಲುವೆ ಹಿಡಿದು ಇಬ್ಬರೂ ಮೇಲಕ್ಕೆ ನಡೆದರು. ತಿರುವಿನಾಚೆ ಓಣಿಯ ಹೆಂಗಸರೆಲ್ಲ ಸಾಲಾಗಿ ಕೂತು ಬಟ್ಟೆ ಕುಕ್ಕುತ್ತಿದ್ದರು. ಎಲ್ಲರಿಗೂ ಅಂಟುವಾಳದ ರಸ ಹಂಚುತ್ತ ನಡುವೆ ಕೂತಿದ್ದವರು ಸುಭಾನರ ಹೆಂಡತಿ ಸಾಲೇಹಾ. ಕೈಯಲ್ಲಿ ಗಂಡನದೇ ಎಣ್ಣೆ-ಮಸಿ ಮೆತ್ತಿದ ಅಂಗಿ.

"ಇಲ್ಲೇನು ಮಾಡ್ತಿದೀ?"

"ಓಣಿ ಬಾವಿ ಬತ್ತಿದೆಯಲ್ರೀ, ಈ ಜಾಗ ನಾನೇ ಹುಡುಕಿದ್ದು. ಈ ಮಸಿ ಅಂಟುವಾಳ ಹಾಕ್ದೆ ಹೋಗ್ತದಾ? ಅಂಗಿ ಎಷ್ಟು ಬೆಳ್ಳಗಾಗ್ತಿದೆ, ನೋಡಿದ್ರಾದ್ರೂ?"

ಪಾರ್ವತವ್ವ ದಂಡೆಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. ಸುಭಾನರಿಗೆ ಸಿಟ್ಟು ಬರಬೇಕೋ ನಗು ಬರಬೇಕೋ ತಿಳಿಯಲಿಲ್ಲ. ಕಡೆಗೆ ನಗುವೇ ಬಂತು.

ಮರುದಿನವೇ ಅವರು ತೊಟ್ಟಿಯಿಂದ ಕೆಳಗೆ, ಕಾಲುವೆ ಗಿರಣಿ ದಾಟಿದ ಮೇಲೆ, ಬಟ್ಟೆ ಒಗೆಯಲು ಚಪ್ಪಡಿ ಕಲ್ಲುಗಳನ್ನು ಹಾಸಿಕೊಟ್ಟರು. ಬಾಯ್ಲರಿನ ತಳದಿಂದ ಆಗಾಗ ಹೊರಬಿಡುವ ನೀರನ್ನೂ ಸಣ್ಣ ಹೊಂಡ ತೋಡಿ ಅತ್ತಲೇ ತಿರುಗಿಸಿದರು. ಈಗ ಓಣಿಯ ಹೆಂಗಸರಿಗೆ ಬಟ್ಟೆ ನೆನೆಸಲು ಬೆಚ್ಚನೆಯ ನೀರು ಸಿಗುತ್ತದೆ. ಆಯಿಲ್ ಎಂಜಿನ್ನಿನ ಮಾತನ್ನು ಹೆಗಡೆಯವರು ಮತ್ತೆ ಎತ್ತಿಲ್ಲ.

ಇನ್ನೇನು ಆಸೆ ಎಂದು ಕೇಳಿದರೆ ಸುಭಾನ್ ತಲೆಗೆ ಸುತ್ತಿದ ವಸ್ತ್ರ ಬಿಚ್ಚಿ ಮುಖ ಒರೆಸಿಕೊಳ್ಳುತ್ತಾರೆ.

"ಸಾಲೇಹಾ ರೈಲು ನೋಡಿಲ್ರೀ. ಒಂದ್ಸಲ ಹುಬ್ಬಳ್ಳಿಗೆ ಕರ್ಕೊಂಡು ಹೋಗಿ ಎಂಜಿನ್ ಹತ್ರಾನೇ ನಿಲ್ಲಿಸ್ಬೇಕು. 'ನೋಡು, ಇಷ್ಟೂ ಜನರನ್ನ ಎಳ್ಕೊಂಡು ಹೋಗೂದು ಆವಿ. ನಾ ದಿನಾ ಮಾಡೂದೂ ಅದನ್ನೇ' ಅಂತ ಹೇಳ್ಬೇಕು."